ಪೋಸ್ಟ್‌ಗ್ರೆಸ್‌ನ ‘ಲ್ಯಾಗ್’: ಆರು ವರ್ಷ ಬಳಸಿದ ಮೇಲೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಆ್ಯಪ್ ಒಂದರ ದತ್ತಾಂಶ ನೋಡಿಕೊಳ್ಳುವುದು ನನ್ನ ಕೆಲಸ. ಅಭ್ಯರ್ಥಿ ಪಾಠ ತೆರೆದದ್ದು, ಉತ್ತರ ಗುರುತಿಸಿದ್ದು, ಹೊರಗೆ ಹೋದದ್ದು ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಒಂದೇ ಟೇಬಲ್‌ಗೆ ಸಾಲುಸಾಲಾಗಿ ಬಂದು ಬೀಳುತ್ತದೆ. ಒಂದು ಸಾಲಿಗೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ಆರು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಲೆಕ್ಕ ಹಾಕುತ್ತಿದ್ದೇನೆ.

ಆರಂಭದಲ್ಲಿ ಟೇಬಲ್ ಅನ್ನು ಅದಕ್ಕೇ ಜಾಯಿನ್ ಮಾಡಿ ಹಿಂದಿನ ಸಮಯ ಹುಡುಕುತ್ತಿದ್ದೆ. ಸಾಲುಗಳು ಲಕ್ಷಗಟ್ಟಲೆ ಆದಾಗ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕೊಟ್ಟು ಊಟ ಮುಗಿಸಿ ಬಂದರೂ ಫಲಿತಾಂಶ ಬಂದಿರುತ್ತಿರಲಿಲ್ಲ. ಹಿಂದಿನ ಸಾಲಿನ ಮೌಲ್ಯ ತಂದುಕೊಡುವ ‘ಲ್ಯಾಗ್’ ಫಂಕ್ಷನ್ ಆ ಪಾಡು ತಪ್ಪಿಸಿತು. ಸಾಲುಗಳನ್ನು ಗುಂಪು ಮಾಡುವ ಪಾರ್ಟಿಷನ್ ಬೈಗೆ ಬಳಕೆದಾರರ ಐಡಿ, ಕ್ರಮವಾಗಿ ಜೋಡಿಸುವ ಆರ್ಡರ್ ಬೈಗೆ ಸಮಯ ಕೊಟ್ಟರೆ ಹಿಂದಿನ ಸಾಲಿನ ಸಮಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಕಳೆದರೆ ಅಂತರ ಸಿಕ್ಕಿತು. ಒಬ್ಬೊಬ್ಬರ ಮೊದಲ ಸಾಲಿಗೆ ಮಾತ್ರ ನಲ್ (ಖಾಲಿ ಮೌಲ್ಯ) ಬರುತ್ತದೆ, ಬರಲೇಬೇಕು. ಅದನ್ನು ಸೊನ್ನೆ ಮಾಡಿದರೆ ಸರಾಸರಿ ಕೆಡುತ್ತದೆ. ಲ್ಯಾಗ್‌ನಂತೆ ಬೇರೆ ಸಾಲುಗಳನ್ನೂ ನೋಡಿ ಲೆಕ್ಕ ಹಾಕುವ ಈ ವಿಂಡೋ ಫಂಕ್ಷನ್‌ಗಳು ಪೋಸ್ಟ್‌ಗ್ರೆಸ್‌ಗೆ 2009ರ 8.4 ಆವೃತ್ತಿಯಲ್ಲೇ ಬಂದವು. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ಗೆ ಬಂದದ್ದು 2018ರಲ್ಲಿ.

ಹೊಸಬರು ಎಚ್ಚರದಿಂದಿರಬೇಕಾದ ಜಾಗ ಬೇರೆ. ಒಬ್ಬ ಅಭ್ಯರ್ಥಿ ಬೆಳಿಗ್ಗೆ 10:03:10ಕ್ಕೆ ಕೊನೆಯ ಉತ್ತರ ಕೊಟ್ಟು, ಸಂಜೆ 6:20ಕ್ಕೆ ಮತ್ತೆ ಪಾಠ ತೆರೆದಿದ್ದರು. ಅಂತರ 8 ಗಂಟೆ 16 ನಿಮಿಷ 50 ಸೆಕೆಂಡು. ಸಮಯದಿಂದ ಬೇಕಾದ ಭಾಗ ತೆಗೆದುಕೊಡುವ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ನಾನು ‘ಮಿನಿಟ್’ ಕೇಳಿದ್ದೆ. ಬಂದ ಉತ್ತರ 16. ಅದು ಒಟ್ಟು ನಿಮಿಷಗಳಲ್ಲ, ಗಂಟೆಗಳನ್ನು ಬಿಟ್ಟು ಉಳಿದ ನಿಮಿಷದ ಭಾಗ ಮಾತ್ರ. ಮೂವತ್ತು ನಿಮಿಷ ಸುಮ್ಮನಿದ್ದರೆ ಹೊಸ ಸೆಷನ್ ಎಂಬುದು ನಮ್ಮ ನಿಯಮವಾದ್ದರಿಂದ, ಬೆಳಗಿನ ಓದೂ ಸಂಜೆಯ ಓದೂ ಒಂದೇ ಸೆಷನ್ ಆಗಿ ವರದಿಗೆ ಸೇರಿತು. ಒಟ್ಟು ಸೆಕೆಂಡು ಕೊಡುವ ‘ಇಪಾಕ್’ ಕೇಳಿದ್ದರೆ 29,810 ಸೆಕೆಂಡು ಎಂದು ಸರಿಯಾಗಿಯೇ ಹೇಳುತ್ತಿತ್ತು. ಅಂದಿನಿಂದ ಸೆಕೆಂಡಿನಲ್ಲಿ ತೆಗೆದು 60ರಿಂದ ಭಾಗಿಸುವುದನ್ನು ಬಿಟ್ಟು ಬೇರೆ ದಾರಿ ಹಿಡಿದಿಲ್ಲ.

ಒಂದು ಕೊರತೆ ಇದೆ. ವಿಂಡೋ ಫಂಕ್ಷನ್‌ನ ಫಲಿತಾಂಶವನ್ನು ಅದೇ ಕ್ವೆರಿಯಲ್ಲಿ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಬಳಸಲಾಗದು, ಅದಕ್ಕೆಂದೇ ಬೇರೆ ಕೆಲವು ಡೇಟಾಬೇಸ್‌ಗಳಲ್ಲಿರುವ ‘ಕ್ವಾಲಿಫೈ’ ಇಲ್ಲಿಲ್ಲ. ಜೊತೆಗೆ, ‘ಉತ್ತರಗಳಷ್ಟೇ ಬೇಕು’ ಎಂದು ವೇರ್‌ನಲ್ಲಿ ಬರೆದರೆ ಉಳಿದ ಸಾಲುಗಳು ಲ್ಯಾಗ್‌ನ ಕಣ್ಣಿಗೆ ಬೀಳುವ ಮೊದಲೇ ಹೋಗಿಬಿಡುತ್ತವೆ. ಪಾಠ ತೆರೆದಾಗಿನಿಂದ ಅಳೆಯಬೇಕಾದದ್ದು ಹಿಂದಿನ ಉತ್ತರದಿಂದ ಅಳೆದಂತಾಗುತ್ತದೆ. ಒಳಗೆ ಲೆಕ್ಕ, ಹೊರಗೆ ಸೋಸುವಿಕೆ: ಒಳಗಿನ ಕ್ವೆರಿಗೆ ಹೆಸರು ಕೊಡುವ ವಿತ್ ಬಳಸಿ ಹೀಗೆಯೇ ಬರೆಯಿರಿ. ಸಮಯ ಒಂದೇ ಆಗಿರುವ ಸಾಲುಗಳಿದ್ದರೆ ಆರ್ಡರ್ ಬೈಗೆ ಸಾಲಿನ ಐಡಿಯನ್ನೂ ಸೇರಿಸಿ.

ವೇಗದ ಬಗ್ಗೆ ದೂರಿಲ್ಲ. ಬಳಕೆದಾರರ ಐಡಿ ಮತ್ತು ಸಮಯ ಎರಡಕ್ಕೂ ಸೇರಿ ಒಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದ್ದೇನೆ. ಆದರೂ ವಿಂಗಡಣೆ ಡಿಸ್ಕ್‌ಗೆ ಹೋಗುತ್ತಿದೆ ಎಂದು ಕ್ವೆರಿ ನಡೆದ ಬಗೆಯನ್ನು ವಿವರಿಸುವ ಎಕ್ಸ್‌ಪ್ಲೇನ್ ಅನಲೈಜ್ ತೋರಿಸಿದರೆ, 4 ಎಂಬಿ ಇರುವ ವರ್ಕ್ ಮೆಮ್ (ವಿಂಗಡಣೆಯಂಥ ಕೆಲಸಕ್ಕೆ ಸಿಗುವ ಮೆಮೊರಿಯ ಮಿತಿ) ಅನ್ನು ಆ ಕ್ವೆರಿಯ ಮಟ್ಟಿಗೆ ಏರಿಸುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೊಳ್ಳುವ ಖರ್ಚಿಲ್ಲದ ತಂತ್ರಾಂಶ ಇಷ್ಟು ನಂಬಿಕೆಗೆ ಅರ್ಹವಾಗಿರುವುದು ನನಗೆ ದೊಡ್ಡ ಸಂಗತಿ. ಸಮಯದ ಕಾಲಂ ಅನ್ನು ಮಾತ್ರ ಮೊದಲ ದಿನವೇ ಸಮಯ ವಲಯವನ್ನು ಗಣನೆಗೆ ತೆಗೆದುಕೊಳ್ಳುವ ಟೈಮ್‌ಸ್ಟ್ಯಾಂಪ್‌ಟಿಜೆಡ್ ಮಾಡಿಕೊಳ್ಳಿ. ಅಂತರಕ್ಕೆ ವಲಯದ ಹಂಗಿಲ್ಲ, ದಿನದ ಲೆಕ್ಕಕ್ಕೆ ಇದೆ. ನಮ್ಮಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದು ಓದುವವರು ಬಹಳ ಮಂದಿ. ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಅದು ಹಿಂದಿನ ರಾತ್ರಿ 11:30. ಏಷ್ಯಾ/ಕೋಲ್ಕತ್ತಾ ವಲಯಕ್ಕೆ ಬದಲಿಸಿದ ಮೇಲೆಯೇ ಅವರ ಓದು ಅವರು ಎದ್ದ ದಿನದ ಲೆಕ್ಕಕ್ಕೆ ಸೇರಿತು.