ಬೆಟ್ಟಿನ ಭತ್ತ: ಚುವನ್ನ ಮೋಡನ್‌ಗೆ ಎಷ್ಟು ಬೀಜ, ಅನ್ನಪೂರ್ಣಕ್ಕೆ ಎಷ್ಟು?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಎಳೆ ತೆಂಗಿನ ತೋಟದ ಎಡೆಯಲ್ಲೋ ಹಡಿಲು ಬಿದ್ದ ಬೆಟ್ಟಿನಲ್ಲೋ (ನೀರು ನಿಲ್ಲದ ಎತ್ತರದ ಜಾಗ) ಭತ್ತ ಬಿತ್ತಲು ಹೊರಟವರು ಮೊದಲು ಕೇಳುವುದು, ಸೆಂಟಿಗೆ ಎಷ್ಟು ಬೀಜ ಬೇಕು ಎಂದು. ತಳಿ ಯಾವುದೆಂದು ಗೊತ್ತಾಗದೆ ಇದಕ್ಕೆ ಉತ್ತರ ಹೇಳಲಾಗದು. ಕೇರಳದ ಪಟ್ಟಾಂಬಿ ಕೃಷಿ ಸಂಶೋಧನಾ ಕೇಂದ್ರದ ಎರಡು ತಳಿಗಳನ್ನು, ಅಂದರೆ ಎತ್ತರದ ಚುವನ್ನ ಮೋಡನ್ (ಪಿಟಿಬಿ 30) ಮತ್ತು ಗಿಡ್ಡ ಅನ್ನಪೂರ್ಣ (ಪಿಟಿಬಿ 35) ಇವನ್ನು, ಒಂದೇ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ಸೆಂಟಿಗೆ 240, 325, 405 ಗ್ರಾಂ ಲೆಕ್ಕದಲ್ಲಿ ಪಕ್ಕಪಕ್ಕದ ಪಾತಿಗಳಲ್ಲಿ ಬಿತ್ತಿ ನೋಡಿದ್ದೇವೆ. ಹೆಕ್ಟೇರಿಗೆ ಹೇಳುವುದಾದರೆ 60, 80, 100 ಕಿಲೊ. ಸಾವಿರ ಕಾಳು 25 ಗ್ರಾಂ ತೂಗಿದರೆ ಚದರ ಮೀಟರಿಗೆ 240, 320, 400 ಕಾಳು ಬೀಳುತ್ತದೆ.

ಮೋಡನ್‌ಗೆ 240 ಗ್ರಾಮೇ ಸಾಕು. ಇದು ತೆಂಡೆ (ಬುಡದಿಂದ ಬರುವ ಮರಿಕಾಂಡ) ಕಡಿಮೆ ಒಡೆಯುತ್ತದೆ, ಆದರೆ ಉದ್ದದ ಎಲೆ ಬಾಗಿ ಸಾಲಿನ ಎಡೆಯನ್ನು ಬೇಗ ಮುಚ್ಚುವುದರಿಂದ ಕಳೆಗೆ ಬಿಸಿಲು ಸಿಗುವುದಿಲ್ಲ. 405 ಗ್ರಾಂ ಹಾಕಿದ ಪಾತಿಯಲ್ಲಿ ಬುಡಕ್ಕೆ ಕೈ ಹಾಕಿ ನೋಡಿ: ಕಾಂಡ ಸಪೂರ, ಕೆಳಗಿನ ಎಲೆ ಹಳದಿ, ಒತ್ತಿದರೆ ಚಪ್ಪಟೆ. ಬೆಳಕಿಗಾಗಿ ಪೈಪೋಟಿಯಲ್ಲಿ ಉದ್ದ ಹೋದ ಗಿಡ ಅದು. ಆಟಿಯ (ಜುಲೈ-ಆಗಸ್ಟ್) ಗಾಳಿಮಳೆಗೆ ಮಗುಚಿ ಬಿದ್ದರೆ ತೆನೆ ನೆಲದಲ್ಲೇ ಮೊಳಕೆ ಬರುತ್ತದೆ. ಯೂರಿಯಾ ಹೆಚ್ಚಾದರೆ 325ರಲ್ಲೂ ಇದೇ ಗತಿ. ಸೆಂಟಿಗೆ ಒಟ್ಟು 350 ಗ್ರಾಂ ಯೂರಿಯಾವನ್ನು ಕಂತುಗಳಲ್ಲಿ ಕೊಟ್ಟರೆ ಬೇಕಾದಷ್ಟಾಯಿತು. ದನ ಸಾಕುವವರಿಗೆ ಮೋಡನ್‌ನ ಬೈಹುಲ್ಲು ದೊಡ್ಡ ಲಾಭ.

ಅನ್ನಪೂರ್ಣದ ಸ್ವಭಾವವೇ ಬೇರೆ. 95-100 ದಿನಕ್ಕೆ ಕೊಯ್ಲಿಗೆ ಬರುವ ಕೆಂಪಕ್ಕಿ ತಳಿ, ಎಲೆ ನೆಟ್ಟಗೆ. 240 ಗ್ರಾಂ ಹಾಕಿದರೆ ಮಣ್ಣು ತೆರೆದೇ ಇರುತ್ತದೆ, ಮೂರು ಸಲ ಹುಲ್ಲು ತೆಗೆದರೂ ಸಾಲದು. ಅದಕ್ಕಿಂತ ದೊಡ್ಡ ತೊಂದರೆ ಕೊಯ್ಲಿನ ಹೊತ್ತಿಗೆ ಬರುತ್ತದೆ. ಖಾಲಿ ಜಾಗ ತುಂಬಲು ಗಿಡ ತಡವಾಗಿ ಒಡೆದ ತೆಂಡೆಗಳಲ್ಲಿ ತೆನೆಯೂ ತಡ; ಮುಖ್ಯ ತೆನೆ ಹಳದಿಯಾದಾಗ ಇವುಗಳ ಕಾಳು ಇನ್ನೂ ಹಾಲು. ಕಾದರೆ ಮುಖ್ಯ ತೆನೆ ಉದುರುತ್ತದೆ, ಕೊಯ್ದರೆ ಹಸಿ ಕಾಳು ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಕಡಿಮೆ ದಿನದ ತಳಿಗೆ ತಪ್ಪು ತಿದ್ದಿಕೊಳ್ಳಲು ಸಮಯವೇ ಇಲ್ಲ. ಹಾಗಾಗಿ ಇದಕ್ಕೆ 325 ಗ್ರಾಂ. 405ಕ್ಕೆ ಏರಿಸಿದಲ್ಲಿ ಕಳೆ ಇನ್ನಷ್ಟು ಕಡಿಮೆ, ನಿಜ. ಆದರೆ ತೆನೆ ಗಿಡ್ಡ, ಬುಡದ ಕಾಳು ಜೊಳ್ಳು, ಒಳಗೆ ತೇವ ಆರದೆ ಬೆಂಕಿರೋಗಕ್ಕೆ (ಎಲೆ, ತೆನೆಗೆ ತಗಲುವ ಶಿಲೀಂಧ್ರ ರೋಗ) ದಾರಿ.

ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ಹುಲ್ಲು ತೆಗೆಯಲು ಆಳು ಸಿಗದ ಕಡೆ ಮೋಡನ್. ಕಳೆ ನಿಭಾಯಿಸಬಲ್ಲವರಿಗೆ, ಹಟ್ಟಿಗೊಬ್ಬರ ಧಾರಾಳ ಇರುವವರಿಗೆ ಅನ್ನಪೂರ್ಣ. ಗೊಬ್ಬರ ತಿಂದು ಮೋಡನ್ ಉದ್ದ ಹೋಗುತ್ತದೆ, ಅನ್ನಪೂರ್ಣ ಕಾಳು ಕಟ್ಟುತ್ತದೆ.

ಈ ಲೆಕ್ಕವೆಲ್ಲ ನೂರಕ್ಕೆ 80 ಮೊಳೆಯುವ ಬೀಜಕ್ಕೆ. ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಟ್ಟು ಎಣಿಸಿ. 60 ಮಾತ್ರ ಮೊಳೆತರೆ 325 ಗ್ರಾಂ ಬದಲು 433 ಗ್ರಾಂ ಬೇಕು. ಒಣಬೀಜವನ್ನೇ 3-4 ಸೆಂಟಿಮೀಟರ್ ಆಳಕ್ಕೆ, ಸಾಲಿನಲ್ಲಿ ಬಿತ್ತಿ. ನೆನೆಸಿದ ಬೀಜ ಮೊದಲ ಮಳೆಯ ನಂತರ ಹತ್ತು ದಿನ ಬಿಸಿಲು ಕಾದರೆ ಮಣ್ಣಿನೊಳಗೇ ಸಾಯುತ್ತದೆ. ಮೇಲೆ ಎರಚಿದ್ದನ್ನು ಇರುವೆ, ನವಿಲು ಬಿಡುವುದಿಲ್ಲ.

ಹದಿನೈದನೆಯ ದಿನ ಒಂದು ಚದರ ಮೀಟರಿನ ಚೌಕಟ್ಟು ಇಟ್ಟು ಗಿಡ ಎಣಿಸಿ. ಬಿತ್ತಿದ ಕಾಳಿನ ಮೂರರಲ್ಲಿ ಎರಡು ಪಾಲು ನಿಂತಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಕಡಿಮೆಯಿದ್ದರೆ ಮಳೆ ಹಿಡಿದ ದಿನ, ದಟ್ಟ ಇರುವಲ್ಲಿಂದ ಮಣ್ಣುಸಮೇತ ಕಿತ್ತು ಖಾಲಿ ಜಾಗಕ್ಕೆ ನೆಡಿ. ಇಪ್ಪತ್ತು ದಿನ ದಾಟಿದ ಮೇಲೆ ನೆಟ್ಟದ್ದು ಉಳಿದವುಗಳ ಜೊತೆ ತೆನೆ ಬಿಡುವುದಿಲ್ಲ.