ದಮ್ಮಿನವರ ತೋಳಿನ ಕಸುವು ಅಳೆಯುವ ಯಂತ್ರ: ಬಳಸಿ ನೋಡಿದವಳ ಮಾತು

ನಾನು ಮನೆಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ಹೆಚ್ಚಿನ ಕೆಲಸ ಕಲಬುರಗಿ ಊರೊಳಗೆ, ಆಗಾಗ ಶಹಾಬಾದ್, ಜೇವರ್ಗಿ ಕಡೆಗೂ ಹೋಗುತ್ತೇನೆ. ನನ್ನ ರೋಗಿಗಳಲ್ಲಿ ಸಿಒಪಿಡಿಯವರೇ ಜಾಸ್ತಿ. ಸಿಒಪಿಡಿ ಅಂದರೆ ಉಸಿರಿನ ದಾರಿ ಕಿರಿದಾಗಿ ವರ್ಷಗಟ್ಟಲೆ ಕಾಡುವ ಪುಪ್ಪುಸದ ಕಾಯಿಲೆ. ಇಲ್ಲಿಯವರ ಬಾಯಲ್ಲಿ ಅದು ದಮ್ಮು. ಬೀಡಿ ಸೇದಿದವರು, ಕಲ್ಲಿನ ಗಣಿಯಲ್ಲಿ ದೂಳು ಕುಡಿದವರು, ಕಟ್ಟಿಗೆ ಒಲೆ ಮುಂದೆ ಕೂತು ಆಯುಷ್ಯವಿಡೀ ರೊಟ್ಟಿ ಬಡಿದ ಹೆಂಗಸರು.

ಇವರ ತೋಳಿನ ಬಲ ಅಳೆಯಲಿಕ್ಕೆ ಅಂತಲೇ ಕೈಯಲ್ಲಿ ಹಿಡಿಯುವ ಡಿಜಿಟಲ್ ಡೈನಮೊಮೀಟರ್ ತರಿಸಿಕೊಂಡೆ. ಅಂಗೈಯಗಲದ ಪೆಟ್ಟಿಗೆ. ಒಂದು ಬದಿಗೆ ಮೆತ್ತನೆಯ ಪ್ಯಾಡು, ಇನ್ನೊಂದು ಬದಿಗೆ ಪರದೆ. ಪ್ಯಾಡನ್ನು ರೋಗಿಯ ತೋಳಿಗೆ ಆನಿಸಿ ನಾನು ಅಲುಗಾಡದ ಹಾಗೆ ಹಿಡಿದಿರಬೇಕು, ಅವರು ತಮ್ಮ ಪೂರ್ತಿ ಬಲ ಹಾಕಿ ಒತ್ತಬೇಕು. ಎಷ್ಟು ಕೆಜಿ ಬಲ ಬಿತ್ತು ಅಂತ ಪರದೆ ತೋರಿಸುತ್ತದೆ. ಇದನ್ನು ಕೊಳ್ಳಬಹುದಾ ಅಂತ ಜೊತೆಯವರು ಕೇಳುತ್ತಿರುತ್ತಾರೆ. ಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಡಬ್ಬಿಯಲ್ಲಿ ಬರುವ ಪುಸ್ತಕ ಗಟ್ಟಿಮುಟ್ಟಾದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ದಮ್ಮಿನವರಿಗೆ ಬಳಸುವಾಗ ಅದರ ಎಷ್ಟೋ ಮಾತು ನಡೆಯುವುದಿಲ್ಲ.

ತೋಳು ಯಾಕೆ ಅಳೀಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಸ್ಪೈರೋಮೆಟ್ರಿ ಮಾಡಿ ಉಸಿರು ಅಳೀತಾರೆ. 6 ನಿಮಿಷ ನಡೆಸಿ ಕಾಲು ನೋಡ್ತಾರೆ. ಅದು ಸರಿಯೇ, ಈ ಕಾಯಿಲೆಯಲ್ಲಿ ಮೊದಲು ಸೊರಗುವುದು ತೊಡೆಯ ಸ್ನಾಯು. ಆದರೆ ಮನೆಯಲ್ಲಿ ಇವರನ್ನು ಸೋಲಿಸುವುದು ತೋಳಿನ ಕೆಲಸ. ತಲೆ ಬಾಚುವುದು, ಚೆಂಬಿನಿಂದ ನೀರು ಹೊಯ್ದುಕೊಳ್ಳುವುದು, ಹಗ್ಗದ ಮೇಲೆ ಸೀರೆ ಒಣಹಾಕುವುದು. ಭುಜ, ಎದೆ, ಕುತ್ತಿಗೆಯ ಸ್ನಾಯುಗಳು ಇವರಲ್ಲಿ ಎರಡು ಕೆಲಸ ಮಾಡುತ್ತಿರುತ್ತವೆ. ಪುಪ್ಪುಸದಲ್ಲಿ ಗಾಳಿ ಸಿಕ್ಕಿಕೊಂಡು ಎದೆ ಉಬ್ಬಿರುತ್ತದೆ, ವಪೆ, ಅಂದರೆ ಎದೆ-ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಚಪ್ಪಟೆಯಾಗಿರುತ್ತದೆ. ಹಾಗಾಗಿ ಉಸಿರೆಳೆಯಲು ಈ ಸ್ನಾಯುಗಳೂ ದುಡಿಯಬೇಕು. ಕೈ ಮೇಲೆತ್ತಿದ ಕ್ಷಣ ಅವು ಕೈ ಕಡೆ ಹೋಗುತ್ತವೆ, ಉಸಿರಿನ ಭಾರವೆಲ್ಲ ಆ ದಣಿದ ವಪೆಯ ಮೇಲೆ ಬೀಳುತ್ತದೆ. 1986ರಲ್ಲಿ ಪುಪ್ಪುಸದ ತಜ್ಞ ವೈದ್ಯ ಬಾರ್ತೊಲೊಮೆ ಸೆಲ್ಲಿ ಮತ್ತು ಅವರ ಜೊತೆಗಾರರು ಇದನ್ನು ಅಳೆದೇ ತೋರಿಸಿದರು. ಕಾಲಿನ ವ್ಯಾಯಾಮದಲ್ಲಿ ಸರಿಯಾಗಿದ್ದ ಎದೆ-ಹೊಟ್ಟೆಯ ಉಸಿರಿನ ತಾಳ, ಆಸರೆಯಿಲ್ಲದೆ ಕೈ ಆಡಿಸುವಾಗ ಕೆಲವು ರೋಗಿಗಳಲ್ಲಿ ತಪ್ಪಿಹೋಗುತ್ತಿತ್ತು.

ಇಷ್ಟು ದಿನ ನಾವು ತೋಳಿನ ಬಲ ನೋಡುತ್ತಿದ್ದದ್ದು ಬರಿಗೈಯಿಂದ. ನಾನು ಒತ್ತುತ್ತೇನೆ, ನೀವು ತಡೀರಿ, ಆಮೇಲೆ 0ಯಿಂದ 5ರವರೆಗೆ ಒಂದು ಗ್ರೇಡ್, 5 ಅಂದರೆ ಪೂರ್ತಿ ಬಲ. ಪೋಲಿಯೊ, ಲಕ್ವ ಇದ್ದವರಿಗೆ ಆ ಲೆಕ್ಕ ಸಾಕು. ದಮ್ಮಿನವರಿಗೆ ಸಾಲದು. ಇವರೆಲ್ಲ ಹೆಚ್ಚುಕಡಿಮೆ 4ರಲ್ಲೇ ಬಂದು ಕೂರುತ್ತಾರೆ. ಆರು ಕೆಜಿ ಒತ್ತುವವರೂ 4, ಹದಿನಾಲ್ಕು ಕೆಜಿ ಒತ್ತುವವರೂ 4. ವ್ಯಾಯಾಮ ಮಾಡಿಸಿ ಸುಧಾರಿಸಿದರೂ ಕಾಗದದ ಮೇಲೆ ಮತ್ತೆ ಅದೇ 4. ಯಂತ್ರದ ದೊಡ್ಡ ಉಪಕಾರ ಇರುವುದೇ ಇಲ್ಲಿ.

ಆಳಂದ ರಸ್ತೆ ಕಡೆಯ ಒಬ್ಬ ಅವ್ವನ ವಿಷಯ ಹೇಳುತ್ತೇನೆ. ಅರವತ್ತು ದಾಟಿದ ವಯಸ್ಸು. "ಕೈಯಾಗ ಕಸುವೇ ಉಳಿದಿಲ್ರಿ ಅಕ್ಕೋರೆ, ನಾಕ ರೊಟ್ಟಿ ಬಡಿಯೂದ್ರಾಗ ದಮ್ಮ ಹತ್ತತದ" ಅಂದರು. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರಿಸಿದೆ. ಬಲ ಮೊಣಕೈ 90 ಡಿಗ್ರಿ ಮಡಚಿ, ಅಂಗೈ ಮೇಲೆ ಮಾಡಿ, ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ಪ್ಯಾಡು ಇಟ್ಟೆ. "ಅವ್ವಾ, ದಮ್ಮ ಕಟ್ಟಬ್ಯಾಡ್ರಿ. ಬಾಯಿಲೇ ಎಣಿಸ್ಕೋತ ಮ್ಯಾಲೆ ಎತ್ರಿ. ಒಂದ, ಎರಡ, ಮೂರ, ನಾಕ." ಬಂದದ್ದು 7.8 ಕೆಜಿ. ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡಿಸಿ, ದಮ್ಮು ಇಳಿದ ಮೇಲೆ ಮತ್ತೆ ಅಳೆದೆ. ಒಟ್ಟು ಮೂರು ಸಲ ಅಳೆದು ಜಾಸ್ತಿ ಬಂದದ್ದನ್ನು ಬರೆದುಕೊಂಡೆ. ರಬ್ಬರ್ ಪಟ್ಟಿ, ನೀರು ತುಂಬಿದ ಬಾಟಲಿ, ಇಷ್ಟರಲ್ಲೇ ವ್ಯಾಯಾಮ ಶುರುವಾಯಿತು. ಕೆಲವು ವಾರದ ಮೇಲೆ ಅದೇ ಕುರ್ಚಿ, ಅದೇ ಜಾಗ, 10.2. ಪರದೆ ಅವರ ಕಡೆ ತಿರುಗಿಸಿದೆ. ಓದು ಬರದಿದ್ದರೂ ಅಂಕಿ ಗೊತ್ತು ಅವರಿಗೆ. ಸೊಸೆಯನ್ನು ಕೂಗಿ ಕರೆದು ತೋರಿಸಿದರು. ಗ್ರೇಡ್ 4 ಅಂತ ಬರೆದ ಚೀಟಿಯನ್ನು ಯಾರಾದರೂ ಹಾಗೆ ಕೂಗಿ ಕರೆದು ತೋರಿಸ್ತಾರಾ?

ಆ ಎಣಿಸುವ ಮಾತು ಸುಮ್ನೆ ಹೇಳಿದ್ದಲ್ಲ. ಪುಸ್ತಕದಲ್ಲಿ ಐದು ಸೆಕೆಂಡು ಜೋರಾಗಿ ಒತ್ತಿಸಿ ಅಂತಿದೆ, ಉಸಿರಿನ ಸುದ್ದಿಯೇ ಇಲ್ಲ. ಜೋರು ಮಾಡುವಾಗ ಯಾರೇ ಆಗಲಿ ಉಸಿರು ಕಟ್ಟುತ್ತಾರೆ, ಬಿಪಿ ಏರುತ್ತದೆ. ದಮ್ಮಿನವರು ಆಮೇಲೆ ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕು. ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದಿಲ್ಲ. ಉರ್ದು ಮಾತಾಡುವ ಮನೆಗಳಲ್ಲಿ ಏಕ್, ದೋ, ತೀನ್ ಅಂತ ಎಣಿಸುತ್ತೇವೆ.

ಮಲಗಿಸಿ ಅಳೆಯಿರಿ ಅನ್ನುವುದೂ ಪುಸ್ತಕದ್ದೇ ಮಾತು. ಅಂಗಾತ ಮಲಗಿದರೆ ದಮ್ಮು ಹತ್ತುವವರನ್ನು ಹೇಗೆ ಮಲಗಿಸುವುದು? ಕೂರಿಸಿಯೇ ಅಳೆಯಿರಿ, ಕೂರಿಸಿ ಅಳೆದದ್ದು ಅಂತ ಪಕ್ಕದಲ್ಲಿ ಬರೆಯಿರಿ, ಮುಂದಿನ ಸಲವೂ ಹಾಗೇ ಮಾಡಿ. ಪ್ಯಾಡಿನ ಜಾಗವೂ ಅಷ್ಟೇ ಮುಖ್ಯ. ಅದೇ ತೋಳು, ಅದೇ ಬಲ, ಆದರೂ ಪ್ಯಾಡು ಮೊಣಕೈ ಕಡೆ ಸರಿದರೆ ಅಂಕಿ ಏರುತ್ತದೆ, ಮಣಿಕಟ್ಟಿನ ಕಡೆ ಸರಿದರೆ ಇಳಿಯುತ್ತದೆ. ಭುಜಕ್ಕಾದರೆ ಮೊಣಕೈಗಿಂತ ಸ್ವಲ್ಪ ಮೇಲೆ ಇಡುತ್ತೇನೆ. ಇನ್ನೊಂದು, ರೋಗಿಯ ಕೈಯನ್ನು ನಾವು ಮಣಿಸುವವರೆಗೆ ಒತ್ತುವ ವಿಧಾನವೂ ಉಂಟು. ಅದರಲ್ಲಿ ಅಂಕಿ ಜಾಸ್ತಿ ಬರುತ್ತದೆ. ಇವರಿಗೆ ಅದು ಬೇಡ. ನಾವು ಅಲುಗದೆ ಹಿಡಿದಿರುವುದು, ಅವರು ತಮ್ಮ ಕೈಲಾದಷ್ಟು ಒತ್ತುವುದು, ಅದೇ ಒಳ್ಳೆಯದು. ಎರಡನ್ನೂ ಬೆರೆಸಿ ಹೋಲಿಸಲೇಬಾರದು.

ಈಗ ಯಂತ್ರದ ಕೊರತೆಗಳು. ಪ್ಯಾಡು ಇನ್ನೂ ದಪ್ಪ ಇರಬೇಕಿತ್ತು. ಸ್ಟೀರಾಯ್ಡ್ ಮಾತ್ರೆ ಬಹಳ ಕಾಲ ನುಂಗಿದವರ ಚರ್ಮ ತೆಳ್ಳಗಾಗಿರುತ್ತದೆ, ಸ್ವಲ್ಪ ಒತ್ತಿದರೂ ನೀಲಿಗಟ್ಟುತ್ತದೆ. ಆ ಮಾತ್ರೆ ಸ್ನಾಯುವನ್ನೂ ಸೊರಗಿಸುತ್ತದೆ, ಹಾಗಾಗಿ ಅಳೆಯಲೇಬೇಕಾದವರೂ ಅವರೇ. ನಾನು ಮೆತ್ತನೆಯ ಹತ್ತಿ ಬಟ್ಟೆ ಮಡಚಿ ನಡುವೆ ಇಡುತ್ತೇನೆ, ಪ್ರತಿ ಸಲ ಅಷ್ಟೇ ಮಡಿಕೆ. ಕೆಜಿ, ಪೌಂಡ್, ನ್ಯೂಟನ್ ಬದಲಿಸುವ ಗುಂಡಿ ನಾವು ಹಿಡಿಯುವ ಜಾಗದಲ್ಲೇ ಇದೆ. ಬೆರಳು ತಗುಲಿದರೆ 10 ಕೆಜಿ ಇದ್ದದ್ದು 22 ಆಗಿ ಕಾಣುತ್ತದೆ. ಓದುವ ಮೊದಲು ಪರದೆಯ ಮೂಲೆಯಲ್ಲಿ ಏನಿದೆ ನೋಡಿ. ನಮ್ಮ ಊರಿನ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಸ್ಕೂಟರ್ ಡಿಕ್ಕಿಯಲ್ಲಿಟ್ಟರೆ ಪರದೆ ಕಪ್ಪಾಗುತ್ತದೆ. ನೆರಳಿಗೆ ಬಂದ ಮೇಲೆ ಸರಿಹೋಗುತ್ತದೆ, ಆದರೂ ನಾನು ಹೆಗಲ ಚೀಲದಲ್ಲೇ ಒಯ್ಯುತ್ತೇನೆ. ಗಟ್ಟಿ ಆಳನ್ನು ಅಳೆಯುವಾಗ ಹಿಡಿದವರ ಕೈಯೇ ಹಿಂದೆ ಸರಿದರೆ ಅಂಕಿ ಸುಳ್ಳಾಗುತ್ತದೆ. ಅಂಥವರಿಗೆ ಬೆಲ್ಟು ಕಟ್ಟಿ ಅಳೆಯುವ ವ್ಯವಸ್ಥೆ ಬೇಕು, ಆ ಬೆಲ್ಟನ್ನು ಬೇರೆಯಾಗಿ ಮಾರುತ್ತಾರೆ. ಇದು ನನಗೆ ಸರಿ ಕಾಣಲಿಲ್ಲ.

ದೊಡ್ಡ ಮಿತಿ ಇನ್ನೊಂದಿದೆ. ಇದು ಹೇಳುವುದು ಒಂದು ಸಲಕ್ಕೆ ಎಷ್ಟು ಬಲ ಅನ್ನುವುದನ್ನು. ಎಷ್ಟು ಹೊತ್ತು ತಾಳುತ್ತಾರೆ ಅನ್ನುವುದು ಇದರಲ್ಲಿ ಸಿಗುವುದಿಲ್ಲ, ರೊಟ್ಟಿ ಬಡಿಯಲು ಬೇಕಾದದ್ದು ಅದೇ. ಅದಕ್ಕೆ ಗೂಟ-ಬಳೆ ಪರೀಕ್ಷೆ ಇದೆ. ಭುಜದ ಮಟ್ಟಕ್ಕೆ ಎರಡು ಗೂಟ, ಅದಕ್ಕಿಂತ 20 ಸೆಂಟಿಮೀಟರ್ ಮೇಲೆ ಇನ್ನೆರಡು. ಕೆಳಗಿನ ಒಂದೊಂದರಲ್ಲಿ ಹತ್ತು ಬಳೆ. ಎರಡೂ ಕೈಯಿಂದ ಒಟ್ಟಿಗೆ ಒಂದೊಂದೇ ಮೇಲಕ್ಕೆ ಹಾಕಿ, ಮುಗಿದ ಮೇಲೆ ಕೆಳಕ್ಕೆ ತರಬೇಕು. 6 ನಿಮಿಷದಲ್ಲಿ ಎಷ್ಟು ಬಳೆ ಸಾಗಿದವು ಅನ್ನುವುದೇ ಅಂಕ. ಹಲಗೆಯನ್ನು ಬಡಿಗೇರರ ಹತ್ತಿರ ಮಾಡಿಸಿಕೊಂಡೆ. ಯಂತ್ರ ಕೊಳ್ಳುವವರು ಇದನ್ನೂ ಮಾಡಿಸಿಕೊಳ್ಳಲಿ ಅಂತ ಮನಸಾರೆ ಹೇಳುತ್ತೇನೆ.

ಅಷ್ಟು ದುಡ್ಡಿಲ್ಲ, ಹಿಡಿತ ಅಳೆಯುವ ಗ್ರಿಪ್ ಡೈನಮೊಮೀಟರ್ ಸಾಕಾ ಅನ್ನುವವರಿಗೆ: ಅದೂ ಒಳ್ಳೆಯದೇ, ಬೆಲೆ ತುಂಬ ಕಡಿಮೆ, ಹಿಡಿದವರ ಬಲದ ಹಂಗಿಲ್ಲ. ಏಷ್ಯಾದವರಿಗೆ 2019ರಲ್ಲಿ ಒಪ್ಪಿದ ಅಳತೆಯ ಪ್ರಕಾರ ಗಂಡಸರಲ್ಲಿ 28 ಕೆಜಿ, ಹೆಂಗಸರಲ್ಲಿ 18 ಕೆಜಿಗಿಂತ ಕಮ್ಮಿ ಬಂದರೆ ಹಿಡಿತ ದುರ್ಬಲ ಅನ್ನಬಹುದು. ಹೋಲಿಸಿ ನೋಡಲು ಅಂಥದ್ದೊಂದು ಗೆರೆ ಇರುವುದು ಬಹಳ ಅನುಕೂಲ. ಆದರೆ ಹಿಡಿತ ಗಟ್ಟಿಯಿದ್ದು ಭುಜ ಸೋತವರನ್ನು ನಾನು ಗಣಿ ಕೆಲಸ ಮಾಡಿದ ಗಂಡಸರಲ್ಲಿ ಸಾಕಷ್ಟು ನೋಡಿದ್ದೇನೆ. ಮುಷ್ಟಿ ನೋಡಿ ಭುಜದ ಲೆಕ್ಕ ಹಾಕಬೇಡಿ.

ಮನೆಯವರು ತಾವೇ ಕೊಂಡು ಅಳೆಯಬಹುದಾ? ಗ್ರಿಪ್ ಆದರೆ ಆಗಬಹುದು, ಒಮ್ಮೆ ಕಲಿಸಿಕೊಂಡು. ಈ ಒತ್ತುವ ಯಂತ್ರ ಬೇಡ. ಪಕ್ಕೆಲುಬು ಮುರಿದವರು, ಹತ್ತಿರದಲ್ಲಿ ಎದೆಯ ಆಪರೇಶನ್ ಆದವರು, ಪುಪ್ಪುಸದ ಹೊರಗೆ ಗಾಳಿ ಸೋರಿದ್ದವರು ಡಾಕ್ಟರನ್ನು ಕೇಳದೆ ಯಾವುದನ್ನೂ ಜೋರಾಗಿ ಒತ್ತಬಾರದು. ಅಳೆಯುವಾಗ ಬೆರಳಿಗೆ ಆಕ್ಸಿಮೀಟರ್ ಇರಲಿ, ಅಳೆಯದ ಕೈಗೆ.

ಬೆಲೆ ನನಗೆ ಹೆಚ್ಚುಕಡಿಮೆ ಅರ್ಧ ಸ್ಕೂಟರ್‌ನಷ್ಟು ಬಿತ್ತು. ಸರಿಯಾಗಿ ತೋರಿಸುತ್ತಿದೆಯಾ ಅಂತ ಪರೀಕ್ಷೆಗೆ ಹೊರಗಿನ ಊರಿಗೆ ಕೊರಿಯರ್ ಮಾಡಬೇಕು, ಬರುವವರೆಗೆ ಕೆಲಸ ನಿಲ್ಲುತ್ತದೆ. ನಡುನಡುವೆ ನಾನು ಕಿರಾಣಿ ಅಂಗಡಿಯ 5 ಕೆಜಿ ಕಬ್ಬಿಣದ ತೂಕದ ಕಲ್ಲನ್ನು ಪ್ಯಾಡಿನ ಮೇಲೆ ಇಟ್ಟು ನೋಡುತ್ತೇನೆ. ಇಲ್ಲಿಯವರೆಗೆ 5ರ ಆಸುಪಾಸಿನಲ್ಲೇ ನಿಂತಿದೆ. ಇಬ್ಬರು ಮೂವರು ಸೇರಿ ಒಂದು ಕೊಂಡರೂ ನಡೆಯುತ್ತದೆ, ಆದರೆ ಒಬ್ಬ ರೋಗಿಯನ್ನು ಮೊದಲಿಂದ ಕೊನೆಯವರೆಗೂ ಒಬ್ಬರೇ ಅಳೆಯಿರಿ.