ಮನೆಯಲ್ಲಿ ಸಕ್ಷನ್ ಮಷೀನು: 14 ತಿಂಗಳ ಬಳಕೆಯ ನಂತರ

ಅಪ್ಪಾಜಿಗೆ ಟ್ರಕಿಯೋಸ್ಟಮಿ (ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಹಾಕುವುದು) ಆಗಿ, ಮೈಸೂರಿನ ಆಸ್ಪತ್ರೆಯಿಂದ ಮಂಡ್ಯದ ಮನೆಗೆ ಬಂದ ದಿನವೇ ಕಫ ಎಳೆಯುವ ಈ ಮಷೀನೂ ಬಂತು. ಬ್ಯಾಟರಿ ಇರುವ ಸಣ್ಣ ಮಾಡೆಲ್. ದಿನಕ್ಕೆ ಐದಾರು ಸಲ ಓಡುತ್ತದೆ, ನೆಗಡಿಯಾದರೆ ಲೆಕ್ಕವಿಲ್ಲ.

ಕಫ ಎಳೆಯುವುದರಲ್ಲಿ ದೂರುವಂತಿಲ್ಲ. ಗುಂಡಿ ತಿರುಗಿಸಿ ಒತ್ತಡ ಹೊಂದಿಸಬಹುದು. ವಾರ್ಡಿನ ಸಿಸ್ಟರ್ ಹೇಳಿಕೊಟ್ಟ ಹಾಗೆ ಮುಳ್ಳು 150 mmHg ದಾಟಲು ಬಿಡುವುದಿಲ್ಲ. ಜಾಸ್ತಿ ಇಟ್ಟರೆ ಕಫ ಬೇಗ ಬರುತ್ತೆ ಅನಿಸುತ್ತದೆ, ಬರುವುದು ರಕ್ತ. ಕ್ಯಾತಿಟರ್ (ಕಫ ಎಳೆಯುವ ತೆಳು ನಳಿಕೆ) ಟ್ಯೂಬಿನ ಒಳಗೆ ಬಿಡುವಾಗ ಎಳೆತ ಕೊಡಬಾರದು, ಹೊರಗೆ ತೆಗೆಯುವಾಗ ಮಾತ್ರ. ಒಂದು ಸಲಕ್ಕೆ 10ರಿಂದ 15 ಸೆಕೆಂಡು, ಅಷ್ಟೇ. ಮೊದಲ ವಾರ ನಾನೂ ಉಸಿರು ಬಿಗಿಹಿಡಿದೇ ಮಾಡುತ್ತಿದ್ದೆ. ನನಗೇ ಕಷ್ಟವಾದರೆ ಅವರಿಗೆ ಹೇಗಾಗಿರಬೇಡ, ಅಲ್ವಾ?

ನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಮೋಟಾರು ಓಡುತ್ತಿದೆ, ಏನೂ ಎಳೆಯುತ್ತಿಲ್ಲ. ಅಪ್ಪಾಜಿಗೆ ಮಾತು ಹೊರಡದು, ಮಂಚ ಬಡಿಯುತ್ತಿದ್ದರು. ಟ್ಯೂಬಿನ ಒಳಗಿನ ಕೊಳವೆ ತೆಗೆದೆ, ಕೆಮ್ಮಿದರು, ಗಟ್ಟಿ ಕಫ ಹೊರಬಿತ್ತು. ತೊಳೆದಿಟ್ಟಿದ್ದ ಇನ್ನೊಂದು ಕೊಳವೆ ಹಾಕಿದೆ. ಬೆಳಗ್ಗೆ ಅಂಗಡಿಯವರು ಪಂಪ್ ಹೋಗಿದೆ ಅಂದರು. ನಂಬದೆ ಬೇರೆ ಕಡೆ ತೋರಿಸಿದೆ. ಕಫ ತುಂಬುವ ಜಾಡಿಗೂ ಪಂಪಿಗೂ ನಡುವೆ ಬಿಲ್ಲೆಯಂಥ ಫಿಲ್ಟರ್ ಇದೆ, ಅದು ಒದ್ದೆಯಾಗಿತ್ತು. ಒದ್ದೆಯಾದರೆ ಗಾಳಿ ಹಾಯುವುದಿಲ್ಲ. ಜಾಡಿ ತುಂಬಲು ಬಿಟ್ಟದ್ದು ನಮ್ಮ ತಪ್ಪೇ. ಆದರೂ ಮಾರುವಾಗ ಒಂದು ಮಾತು ಹೇಳಬಹುದಿತ್ತು. ಈಗ ಎರಡು ಫಿಲ್ಟರ್ ಸದಾ ಮನೆಯಲ್ಲಿರುತ್ತವೆ, ಜಾಡಿ ಅರ್ಧ ಆಗುತ್ತಲೇ ಚೆಲ್ಲುತ್ತೇವೆ.

ಕಬ್ಬು ಕಡಿದ ಮೇಲೆ ಸುತ್ತಮುತ್ತ ತರಗು ಸುಡುತ್ತಾರೆ. ಆ ಹೊಗೆ ನೇರ ಕತ್ತಿನ ತೂತಿಗೇ ಹೋಗುತ್ತದೆ, ಮೂಗಿನ ಸೋಸುವಿಕೆ ಇಲ್ಲ, ತೇವವೂ ಇಲ್ಲ. ಅಂಟು ಬೆಲ್ಲದಂಥ ಕಫವನ್ನು ಯಾವ ಮಷೀನೂ ಎಳೆಯದು. ಡಾಕ್ಟರು ಹೇಳಿದ ಸಲೈನ್ ನೆಬುಲೈಸೇಷನ್ (ಉಪ್ಪುನೀರಿನ ಮಂಜನ್ನು ಉಸಿರಿನ ಜೊತೆ ಒಳಗೆ ಬಿಡುವುದು) ಕೊಟ್ಟು, ಟ್ಯೂಬಿನ ಬಾಯಿಗೆ ತೇವ ಹಿಡಿಯುವ ಫಿಲ್ಟರ್ ಹಾಕಿದ ಮೇಲೆಯೇ ಸಡಿಲವಾಯಿತು. ಇದನ್ನು ಮಷೀನಿನ ದೋಷ ಅಂತ ಬರೆಯಲಾರೆ.

ಬ್ಯಾಟರಿಯದು ದೋಷವೇ. ಹೊಸದರಲ್ಲಿ ಮುಕ್ಕಾಲು ಗಂಟೆ ಬರುತ್ತಿತ್ತು, ಈಗ ಇಪ್ಪತ್ತು ನಿಮಿಷ. ಇನ್ವರ್ಟರ್ ಇದೆ, ಸಾಲದ್ದಕ್ಕೆ ಕಾಲಲ್ಲಿ ತುಳಿಯುವ ಪಂಪೂ ತಂದಿಟ್ಟಿದ್ದೇವೆ. ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್.

ಶಬ್ದ ಹಳೇ ಮಿಕ್ಸಿಯದು. ಪಕ್ಕದ ಮನೆಯ ಅಜ್ಜಿ ಮೊದಮೊದಲು, ನಡುರಾತ್ರಿಯಲ್ಲಿ ಇವರೇನು ಚಟ್ನಿ ರುಬ್ಬುತ್ತಾರೆ ಅಂದುಕೊಂಡಿದ್ದರಂತೆ.